ಪೆಟ್ಟಿಗೆ ಅಮ್ಮನ ಶುಕ್ರವಾರ

ನನ್ನ ಗಂಟಲನ್ನು ಇಡೀ ಶಾಲೆಯ ಎದುರು ಪರೀಕ್ಷೆ ಮಾಡಿದವರು ಜೀವಮಾನದಲ್ಲಿ ಒಬ್ಬರೇ. ಅವರು ಡಾಕ್ಟರಲ್ಲ, ತಿಪಟೂರಿನ ಒಬ್ಬ ಗೃಹಿಣಿ. ಹೋದ ತಿಂಗಳು ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದ ಕಂಡಕ್ಟರೊಬ್ಬ ಸಿಕ್ಕಿ ಅವರು ತೀರಿಕೊಂಡರೆಂದು ಹೇಳಿದ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಜೊತೆಗೆ, ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ ಎದುರುಪಾರ್ಟಿಯೇ ಇಲ್ಲವಾದಾಗ ಆಗುವಂಥ ಪೆಚ್ಚುತನವೂ ಇತ್ತು.

ವ್ಯಾಜ್ಯ ಹಾರ್ಮೋನಿಯಂ ಪೆಟ್ಟಿಗೆಯದು. ಅದಕ್ಕೆ ಲಗೇಜ್ ಟಿಕೆಟ್ ತಗೋಬೇಕು ಅಂತ ಅವನು, ತೊಡೆಯ ಮೇಲೆ ಕೂತಿರುವುದು ಲಗೇಜ್ ಹೇಗಾಗುತ್ತೆ ಅಂತ ಅವರು. ಕೈಮಗುವಿಗೆ ಟಿಕೆಟ್ ಕೇಳುತ್ತೀಯೇನಪ್ಪ ಎಂದು ಕೇಳುತ್ತಿದ್ದರಂತೆ. ಮಗುವಾದರೆ ಅಳಬೇಕಲ್ಲ ಅಂತ ಅವನೊಮ್ಮೆ ಬಾಯಿ ತಪ್ಪಿ ಅಂದುಬಿಟ್ಟ. ಅವರು ತಕ್ಷಣ ಹೊದಿಕೆ ಬಿಚ್ಚಿ, ತಿದಿ ಎಳೆದು, ತಾವು ಇಳಿಯುವ ಊರು ಬರುವವರೆಗೂ ಅದನ್ನು ಅಳಿಸಿದರು. ಬಸ್ಸಿನ ಜನ ಪೂರ್ತಿ ಅವರ ಕಡೆ ಸೇರಿಕೊಂಡರು. ಅಂದಿನಿಂದ ಅವನು ಟಿಕೆಟ್ ಕೇಳುವುದನ್ನು ಬಿಟ್ಟ, ಗೊಣಗುವುದನ್ನು ಮಾತ್ರ ಬಿಡಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ನಾನು ಲೆಕ್ಕದ ಮೇಷ್ಟ್ರಾಗಿ ಹೊಸದಾಗಿ ಬಂದಿದ್ದೆ. ನಮ್ಮ ಹೆಡ್‌ಮೇಷ್ಟ್ರಿಗೆ ಜಗತ್ತಿನಲ್ಲಿ ಆಗದ ವಸ್ತುಗಳು ಎರಡು. ಒಂದು ಗಲಾಟೆ, ಇನ್ನೊಂದು ಇನ್‌ಸ್ಪೆಕ್ಷನ್. ಮಕ್ಕಳು ಮಗ್ಗಿ ಹೇಳುವಾಗಲೂ ಬಾಗಿಲಲ್ಲಿ ಬಂದು ನಿಂತು ಸ್ವಲ್ಪ ಮೆತ್ತಗೆ ಎಂದು ಕೈಸನ್ನೆ ಮಾಡುವ ಮನುಷ್ಯ. ಅಂಥವರ ಶಾಲೆಗೆ ಒಂದು ಶುಕ್ರವಾರ ಊಟದ ಬೆಲ್ ಆದ ಮೇಲೆ ಈ ಹೆಂಗಸು ಬಂದಿಳಿದರು. ಐವತ್ತರ ಆಸುಪಾಸು, ದುಂಡನೆಯ ಆಳು, ಹಣೆಯಲ್ಲಿ ವಿಭೂತಿ, ಅದರ ನಡುವೆ ಅಗಲವಾದ ಕುಂಕುಮ, ಕಂಕುಳಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಪೆಟ್ಟಿಗೆ. ಮುಂದೆ ಊರಿನವರ ಬಾಯಲ್ಲಿ ಅವರು ಪೆಟ್ಟಿಗೆ ಅಮ್ಮ ಆದದ್ದು ಅದರಿಂದಲೇ. ಯಾರೋ ಅಜ್ಜಿ ಮೊಮ್ಮಗುವನ್ನು ಎತ್ತಿಕೊಂಡು ದಾರಿ ತಪ್ಪಿ ಬಂದಿದ್ದಾರೆ ಅಂತ ನಮ್ಮ ಜವಾನ ಕೂರಲು ಸ್ಟೂಲು ತಂದು ಕೊಟ್ಟ.

ಸರ್ಕಾರ ಕಳಿಸಿದೆಯಾ ಎಂದು ಹೆಡ್‌ಮೇಷ್ಟ್ರು ಕೇಳಿದರು. ಇಲ್ಲ ಅಂದರು. ಯಾವುದಾದರೂ ಸಂಘವಾ? ಅದೂ ಅಲ್ಲ. ಹಾಗಾದರೆ ಏನು ಬಂದದ್ದು?

"ಬಸ್ ಬಂತು, ಹತ್ತಿದೆ," ಅಂದರು. "ನಾನು ಹಾಡೋಕೆ ಬಂದಿಲ್ಲ ಹೆಡ್‌ಮೇಷ್ಟ್ರೇ. ಹಾಡಿಸೋಕೆ ಬಂದಿದೀನಿ."

ಆಮೇಲೆ ಗೊತ್ತಾದದ್ದೇನೆಂದರೆ, ನಮಗಿಂತ ಮೊದಲು ನಾಲ್ಕಾರು ಊರಿನ ಶಾಲೆಗಳಿಗೆ ಹೋಗಿ ಬಂದಿದ್ದರು. ಎಲ್ಲ ಕಡೆಯೂ ಒಂದೇ ಶುಕ್ರವಾರ. ಎರಡನೆಯ ಶುಕ್ರವಾರಕ್ಕೆ ಗೇಟಿನ ಹತ್ತಿರವೇ ಯಾರಾದರೂ ನಿಂತು ಕೈಮುಗಿಯುತ್ತಿದ್ದರಂತೆ. ನಮ್ಮ ಶಾಲೆಗೆ ಗೇಟಿರಲಿಲ್ಲ. ಹೀಗಾಗಿ ಅವರಿಗೆ ಉಳಿದದ್ದು ನಾವೊಬ್ಬರೇ. ಹೆಡ್‌ಮೇಷ್ಟ್ರೂ ಬರಲೇಬೇಡಿ ಅನ್ನುವಷ್ಟು ಗಟ್ಟಿ ಮನುಷ್ಯರಲ್ಲ. ಬನ್ನಿ, ಆದರೆ ಗಲಾಟೆಯಾದರೆ ಅವತ್ತೇ ನಿಲ್ಲಿಸುತ್ತೇನೆ ಎಂದರು. ಹಾರ್ಮೋನಿಯಂ ತಂದವರಿಗೆ ಈ ಷರತ್ತು ಹಾಕಿದ್ದು ಅವರಿಗೇ ತಮಾಷೆಯಾಗಿ ಕಾಣಲಿಲ್ಲ. ಆ ಹೆಂಗಸು ತಲೆಯಾಡಿಸಿ ಒಪ್ಪಿಕೊಂಡರು.

ಯಾಕೆ ಬರುತ್ತಾರೆ ಅನ್ನುವುದಕ್ಕೆ ಅವರು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದರು. ಕಂಡಕ್ಟರಿಗೆ ಮಂಡಿನೋವು, ಓಡಾಡಬೇಕು ಅಂತ ಡಾಕ್ಟರು ಹೇಳಿದ್ದಾರೆ ಎಂದು. ಶಾಲೆಯ ಮಕ್ಕಳಿಗೆ ಉಪ್ಪಿಟ್ಟು ಮಾಡುವ ಅಮ್ಮನಿಗೆ ದೇವರ ಹರಕೆ ಎಂದು. ನನಗೆ, ತಮ್ಮ ಯಜಮಾನರಿಗೆ ಮಧ್ಯಾಹ್ನ ನಿದ್ದೆ ಮಾಡುವ ಅಭ್ಯಾಸ, ಮನೆಯಲ್ಲಿ ಪೆಟ್ಟಿಗೆ ಮುಟ್ಟುವ ಹಾಗಿಲ್ಲ ಎಂದು. ಯಜಮಾನರು ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ಮಂಡಿಯ ಗುಮಾಸ್ತರಿಗೆ ಮಧ್ಯಾಹ್ನ ನಿದ್ದೆ ಎಲ್ಲಿಂದ ಬರಬೇಕು ಅಂತ ನನಗೆ ಹೊಳೆದದ್ದು ತುಂಬ ದಿನದ ಮೇಲೆ.

ಅವರ ಕ್ಲಾಸಿನಲ್ಲಿ ಪ್ರೇಕ್ಷಕರಿಗೆ ಜಾಗವಿರಲಿಲ್ಲ. ಬಾಗಿಲಲ್ಲಿ ನಿಂತು ಇಣುಕಿದವರನ್ನೂ ಒಳಗೆ ಎಳೆಯುತ್ತಿದ್ದರು. ಜವಾನ, ಉಪ್ಪಿಟ್ಟಿನ ಅಮ್ಮ, ಪೋಸ್ಟ್‌ಮ್ಯಾನ್, ಯಾರಾದರೂ ಸರಿ, ಮೊದಲು ಒಂದು 'ಸಾ' ಹೇಳಬೇಕು. ನಾನು ಮೂಲೆಯಲ್ಲಿ ಪರೀಕ್ಷೆಯ ಪೇಪರು ತಿದ್ದುವ ನೆಪ ಹೂಡಿ ಕೂತಿದ್ದವನು ಮೊದಲ ದಿನವೇ ಸಿಕ್ಕಿಬಿದ್ದೆ. ನನಗೆ ಸಂಗೀತದ ಗಂಧವೂ ಇಲ್ಲ, ಬಿಡಿ ಎಂದೆ. ಗಂಧ ಕೇಳಿದ್ದು ಯಾರು, ಬಾಯಿ ತೆಗೀರಿ ಅಂದರು. ತೆಗೆದೆ. ನನ್ನ ಬಾಯಿಂದ ಬಂದದ್ದನ್ನು ಕೇಳಿ ಏಳನೇ ಕ್ಲಾಸಿನ ಮಕ್ಕಳು ಬೆಂಚಿನ ಕೆಳಗೆ ತಲೆ ಹಾಕಿಕೊಂಡು ನಕ್ಕರು. ಅವರು ಮಾತ್ರ ತುಂಬ ಗಂಭೀರವಾಗಿ ಕೇಳಿ, "ಇರಲಿ, ಅದೂ ಒಂದು ಸಾ," ಅಂದರು. ಒಂದು ವಾರ ಮಕ್ಕಳು ನನ್ನ ಬೆನ್ನ ಹಿಂದೆ ಅದನ್ನೇ ಅನ್ನುತ್ತಿದ್ದರು. ಆದರೆ ಅದೇ ವಾರದಲ್ಲಿ ಹೆದರದೆ ಬಂದು ಭಿನ್ನರಾಶಿ ಕೇಳಿದ ಮಕ್ಕಳೂ ಉಂಟು.

"ಬಾಯಿ ಬರೀ ಊಟಕ್ಕೆ ಅಂದಿದ್ರೆ ದೇವರು ಹೊಟ್ಟೆ ಹತ್ರಾನೇ ಇಡ್ತಿದ್ದ ಕಣ್ರಪ್ಪ," ಅನ್ನುವುದು ಅವರ ಖಾಯಂ ಮಾತು. ಹೇಳಿದ ಮೇಲೆ ತಮ್ಮ ಹೊಟ್ಟೆಯನ್ನು ತಾವೇ ತಟ್ಟಿಕೊಂಡು ನಗುತ್ತಿದ್ದರು.

ಮೂರನೆಯ ವಾರವೋ ನಾಲ್ಕನೆಯ ವಾರವೋ, ಮುಂದಿನ ಶುಕ್ರವಾರ ಎಲ್ಲರೂ ಮನೆಯಿಂದ ಸದ್ದು ಮಾಡುವ ವಸ್ತು ಒಂದೊಂದು ತರಬೇಕು ಅಂದರು. ಅವರ ಮನಸ್ಸಿನಲ್ಲಿ ಇದ್ದದ್ದು ತಟ್ಟೆ, ಲೋಟ, ದನದ ಗಂಟೆ ಇಂಥವು. ನಮ್ಮ ಕಡೆಯ ಮಕ್ಕಳಿಗೆ ಹೊಳೆದದ್ದೇ ಬೇರೆ. ಈ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಾರೆ. ಮೊದಮೊದಲು ಅಲ್ಲಾಡಿಸಿದರೆ ಒಳಗೆ ನೀರು ಬುಳುಕ್ ಅನ್ನುತ್ತದೆ. ಆಮೇಲೆ ನೀರು ಇಂಗಿ ಕೆಲವು ತಿಂಗಳು ಸದ್ದೇ ಇಲ್ಲ. ಕೊನೆಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಒಳಗೆ ಲೊಡಲೊಡ ಎಂದು ಉರುಳುತ್ತದೆ. ಆಗ ಇಳಿಸಿ ಸುಲಿಯಬಹುದು. ಹುಟ್ಟಿದಾಗಿನಿಂದ ಅಪ್ಪ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದನ್ನೇ ನೋಡಿದ ಮಕ್ಕಳಿಗೆ ಸದ್ದು ಮಾಡುವ ವಸ್ತು ಅಂದರೆ ಇನ್ನೇನು? ಅಷ್ಟೂ ಜನ ಅಟ್ಟ ಹತ್ತಿ ಒಂದೊಂದು ಕಾಯಿ ಹೊತ್ತು ತಂದರು. ಸ್ಲೇಟು, ಪುಸ್ತಕ ಮನೆಯಲ್ಲೇ ಬಿಟ್ಟಿದ್ದರು, ಎರಡನ್ನೂ ಹೊರುವುದಕ್ಕಾಗಲ್ಲವಲ್ಲ.

ಪೆಟ್ಟಿಗೆ ಅಮ್ಮ ಒಂದು ಗಳಿಗೆ ಬೆಪ್ಪಾದರು. ಆಮೇಲೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತರು. ನೀರಿನ ಕಾಯಿಗಳೆಲ್ಲ ಕಿಟಕಿ ಕಡೆ, ಉರುಳುವ ಕಾಯಿಗಳೆಲ್ಲ ಬಾಗಿಲ ಕಡೆ. ಸದ್ದೇ ಇಲ್ಲದ ಕಾಯಿ ತಂದ ಒಬ್ಬ ಅಳುಮೋರೆ ಮಾಡಿಕೊಂಡಿದ್ದ. ತಾಳದಲ್ಲಿ ಸುಮ್ಮನಿರಬೇಕಾದ ಜಾಗವೊಂದಿದೆ, ಅದು ನಿನ್ನದು, ಅಲ್ಲಿಗೆ ಬಂದಾಗ ಕಾಯಿಯನ್ನು ಜೋರಾಗಿ ಅಲ್ಲಾಡಿಸು ಎಂದು ಅವನನ್ನು ನಡುವೆ ನಿಲ್ಲಿಸಿದರು. ಅವನಷ್ಟು ಶ್ರದ್ಧೆಯಿಂದ ಬಾರಿಸಿದವರು ಆವತ್ತು ಬೇರೆ ಯಾರೂ ಇಲ್ಲ. ಬುಳುಕ್, ಬುಳುಕ್, ಸುಮ್ಮನೆ, ಲೊಡಲೊಡ. ಹಂಚಿನ ಮಾಡು ಅದುರಿತು. ನಿಜ ಹೇಳುತ್ತೇನೆ, ಚೆನ್ನಾಗಿತ್ತು.

ಆ ಹೊತ್ತಿಗೆ ಸರಿಯಾಗಿ ಕೊಬ್ಬರಿ ದಲ್ಲಾಳಿಯೊಬ್ಬ ಸೈಕಲ್ಲಿನಲ್ಲಿ ರಸ್ತೆಯ ಮೇಲೆ ಹೋಗುತ್ತಿದ್ದ. ಇಷ್ಟು ಹದವಾದ ಮಾಲು ಒಂದೇ ಕಡೆ ಉರುಳುವುದನ್ನು ಅವನು ಹಿಂದೆ ಕೇಳಿರಲಿಲ್ಲವಂತೆ. ಸೈಕಲ್ಲನ್ನು ಧ್ವಜದ ಕಂಬಕ್ಕೆ ಒರಗಿಸಿ ನೇರವಾಗಿ ಆಫೀಸಿಗೆ ಬಂದ.

"ಹೆಡ್‌ಮೇಷ್ಟ್ರೇ, ಮಾಲು ಆಗೋಗೈತೆ. ಇನ್ನೂ ಯಾಕ್ರೀ ಇಟ್ಕೊಂಡಿದೀರಾ, ಕೊಟ್ಬುಡಿ," ಅಂದ.

ಹೆಡ್‌ಮೇಷ್ಟ್ರು ಇದು ಶಾಲೆ ಅಂದರು. ಗೊತ್ತು, ಜಾಗ ಚೆನ್ನಾಗೈತೆ, ಇಲಿ ಕಾಟ ಇಲ್ಲ ಅಂತ ಅವನು ಮೆಚ್ಚಿಕೊಂಡ. ಅವನನ್ನು ಹೊರಗೆ ಕಳಿಸುವಷ್ಟರಲ್ಲಿ ಸಾಕುಸಾಕಾಯಿತು. ಎರಡು ದಿನದಲ್ಲಿ ಹೆಡ್‌ಮೇಷ್ಟ್ರು ಸ್ಕೂಲಿನ ಅಟ್ಟದಲ್ಲಿ ಕೊಬ್ಬರಿ ವ್ಯಾಪಾರ ಇಟ್ಟಿದ್ದಾರೆ ಅನ್ನುವ ಸುದ್ದಿ ತಿಪಟೂರಿನ ಮಂಡಿಯವರೆಗೂ ಹೋಯಿತು. ನಮ್ಮ ಶಾಲೆಗೆ ಅಟ್ಟವೇ ಇರಲಿಲ್ಲ.

ಮುಂದಿನ ಶುಕ್ರವಾರ ತಂದೆಯರೆಲ್ಲ ಗುಂಪಾಗಿ ಬಂದರು. ಹದ ನೋಡದೆ ಕಾಯಿ ಇಳಿಸಿದ್ದಕ್ಕೆ ಅವರಿಗೆ ಕೋಪ. ಹಿರಿಯರೊಬ್ಬರು, ಅಟ್ಟದ ಕಾಯಿ ಮುಟ್ಟೋಕೆ ನಾವೇ ಹಿಂದೆಮುಂದೆ ನೋಡ್ತೀವಿ, ಈ ಯಮ್ಮ ಹೈಕ್ಳ ಕೈಲಿ ಇಳಿಸವ್ರೆ ಎಂದು ಶುರುಮಾಡಿದರು. ಪೆಟ್ಟಿಗೆ ಅಮ್ಮ ಕೇಳಿಸಿಕೊಂಡು, ಕ್ಷಮಿಸಿ, ಯಾರ ಕಾಯಿ ಯಾವುದೋ ಆರಿಸಿಕೊಂಡು ಹೋಗಿ ಎಂದು ಹೋದ ವಾರ ಮಕ್ಕಳು ಮೂಲೆಯಲ್ಲಿ ಬಿಟ್ಟುಹೋಗಿದ್ದ ರಾಶಿ ತೋರಿಸಿದರು. ಕಾಯಿ ಆರಿಸುವುದು ಅಂದರೆ ಅಲ್ಲಾಡಿಸಲೇಬೇಕು. ಒಬ್ಬರು ಅಲ್ಲಾಡಿಸಿದರು, ಇನ್ನೊಬ್ಬರು ಅದು ನಮ್ಮದು ಅಂತ ಕಿತ್ತುಕೊಂಡು ಅಲ್ಲಾಡಿಸಿದರು. ಪೆಟ್ಟಿಗೆ ಅಮ್ಮ ಮೆಲ್ಲಗೆ ಹಾರ್ಮೋನಿಯಂ ಮುಂದೆ ಕೂತರು. ಅರ್ಧ ಗಂಟೆಯಾದ ಮೇಲೆ ನಾನು ಹೋಗಿ ನೋಡಿದರೆ, ಪಂಚೆ ಎತ್ತಿ ಕಟ್ಟಿದ ಗಂಡಸರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಸಿಕ್ಕಿಸಿಕೊಂಡು ಕೂತು ತಾಳ ಹಾಕುತ್ತಿದ್ದರು. ದೂರು ಕೊಡಲು ಬಂದ ಹಿರಿಯರು ಪಕ್ಕದವರಿಗೆ, ನೀನು ಮುಂಚೆ ಬತ್ತಾ ಇದೀಯ ಕಣ್ಲಾ, ತಡಿ, ಎಂದು ತಿದ್ದುತ್ತಿದ್ದರು.

ಊರು ಒಲಿಯಿತು, ಹೆಡ್‌ಮೇಷ್ಟ್ರು ಒಲಿಯಲಿಲ್ಲ. ಅವರ ಮಾನ ಮಂಡಿಯಲ್ಲಿ ಹರಾಜಾಗಿತ್ತಲ್ಲ. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಬರುತ್ತಾರೆಂಬ ಸುದ್ದಿ ಬಂತು, ಅದೂ ಒಂದು ಶುಕ್ರವಾರವೇ. ಹೆಡ್‌ಮೇಷ್ಟ್ರು ಪೆಟ್ಟಿಗೆ ಅಮ್ಮನನ್ನು ಆಫೀಸಿಗೆ ಕರೆಸಿದರು. ನಾನೂ ಅಲ್ಲಿದ್ದೆ. ಕಾಯಿ ಬೇಡ, ತಟ್ಟೆ ಬೇಡ, ಒಂದು ಪ್ರಾರ್ಥನೆ ಸಾಕು ಅಂದರು. ಕಂಠ ಚೆನ್ನಾಗಿರುವ ಎಂಟು ಮಕ್ಕಳನ್ನು ತಾವೇ ಆರಿಸಿದ್ದರು, ಅವರು ಮುಂದೆ ನಿಂತು ಹಾಡಬೇಕು.

"ಉಳಿದವ್ರು?" ಅಂದರು ಆ ಹೆಂಗಸು.

"ಹಿಂದೆ ನಿಂತು ತುಟಿ ಆಡಿಸಲಿ. ಸ್ವರ ಹೊರಡಬಾರದು. ಇದಕ್ಕೆ ಒಪ್ಪಿಗೆ ಇದ್ದರೆ ಇರಿ. ಇಲ್ಲದಿದ್ದರೆ ಮುಂದಿನ ವಾರದಿಂದ ಬರೋದು ಬೇಡ."

ಯಾವ ಮಾತಿಗೂ ಒಂದು ಮಾತು ಮೇಲೆ ಇಡುವವರು ಆವತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು. ಬೇರೆ ಯಾವ ಶಾಲೆಯೂ ಅವರಿಗೆ ಉಳಿದಿಲ್ಲ ಅನ್ನುವುದು ನಮಗೆ ಮೂವರಿಗೂ ಗೊತ್ತಿತ್ತು. ಕೊನೆಗೆ ಆಗಲಿ ಅಂದು ಎದ್ದು ಹೋದರು. ನನಗೆ ಬಹಳ ಬೇಜಾರಾಯಿತು.

ಇನ್‌ಸ್ಪೆಕ್ಟರು ಜೀಪಿನಲ್ಲಿ ಬಂದರು. ಸಫಾರಿ ಸೂಟು, ಕಪ್ಪು ಕನ್ನಡಕ. ಅವರ ಕೆಮ್ಮಿಗೇ ಮೇಷ್ಟ್ರುಗಳು ಎದ್ದು ನಿಲ್ಲುತ್ತಿದ್ದರು. ಎಂಟು ಮಕ್ಕಳು ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡು ಮುಂದೆ ನಿಂತು ಚೊಕ್ಕವಾಗಿ ಹಾಡಿದರು. ಹಿಂದೆ ಇಡೀ ಶಾಲೆ ಸದ್ದಿಲ್ಲದೆ ಬಾಯಿ ತೆರೆದು ಮುಚ್ಚಿತು. ಅದರಲ್ಲಿ ಐದನೇ ಕ್ಲಾಸಿನ ಒಂದು ಹುಡುಗಿ ಕತ್ತಿನ ನರ ಉಬ್ಬುವ ಹಾಗೆ, ಬೇರೆಲ್ಲರಿಗಿಂತ ಅಗಲವಾಗಿ ಬಾಯಿ ತೆರೆಯುತ್ತಿತ್ತು. ಹಾಡು ಮುಗಿಯಿತು. ಇನ್‌ಸ್ಪೆಕ್ಟರು ವಾಚು ನೋಡಿಕೊಂಡು ಚೆನ್ನಾಗಿದೆ ಅಂದರು. ಹೆಡ್‌ಮೇಷ್ಟ್ರು ಬೆವರು ಒರೆಸಿಕೊಂಡರು. ಇನ್ನು ಪೆಟ್ಟಿಗೆ ಮುಚ್ಚಿದರೆ ಎಲ್ಲ ಸುಖಾಂತ.

ಆದರೆ ಪೆಟ್ಟಿಗೆ ಅಮ್ಮ ಮುಚ್ಚಲಿಲ್ಲ. ಆ ಹುಡುಗಿಯನ್ನೇ ನೋಡುತ್ತಿದ್ದವರು ಎದ್ದು ನಿಂತರು.

"ಸಾಹೇಬ್ರೇ, ಇನ್ನೂ ಮುಗಿದಿಲ್ಲ. ಹಿಂದಿರೋ ಮಕ್ಕಳು ಹಾಡೇ ಇಲ್ಲ. ಬರೀ ತುಟಿ ಆಡಿಸಿದ್ರು. ಅವರಿಗೆ ಸ್ವರ ಇಲ್ಲವಂತೆ."

ಹೆಡ್‌ಮೇಷ್ಟ್ರ ಮುಖ ಬಿಳಿಚಿತು. ಇನ್‌ಸ್ಪೆಕ್ಟರಿಗೆ ಜೀಪು ಹತ್ತುವ ಆತುರ. ಸ್ವರ ನನಗೂ ಇಲ್ಲ, ಬಿಡಿಯಮ್ಮ ಅಂದುಬಿಟ್ಟರು.

"ಇಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಅಂದರು ಇವರು. "ಎಲ್ಲಿ, ಒಂದು ಸಾ ಅನ್ನಿ."

ಹುಕುಂ ಕೊಟ್ಟು ಅಭ್ಯಾಸವಿದ್ದ ಮನುಷ್ಯನಿಗೆ ಹುಕುಂ ಬಂದರೆ ಏನು ಮಾಡಬೇಕೆಂದು ತಿಳಿಯಲಿಲ್ಲ ಅಂತ ಕಾಣುತ್ತದೆ. ಕನ್ನಡಕ ತೆಗೆದರು. ಗಂಟಲು ಸರಿಮಾಡಿಕೊಂಡರು. ಸಾ ಅಂದರು. ನನ್ನದೇ ಲೋಕದಲ್ಲಿ ಕೊನೆಯದು ಅಂದುಕೊಂಡಿದ್ದ ನನಗೆ ಬಹಳ ಸಮಾಧಾನವಾಯಿತು. ಅದು ಪೆಟ್ಟಿಗೆಯ ಕಪ್ಪು ಬಿಳಿ ಮನೆಗಳಲ್ಲಿ ಯಾವ ಎರಡರ ನಡುವೆಯೂ ಕೂರದಂಥ ಸ್ವರ.

ಪೆಟ್ಟಿಗೆ ಅಮ್ಮನ ಕ್ಲಾಸಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಯಾರ ಸ್ವರವಾದರೂ ದಾರಿ ಬಿಟ್ಟು ಹೋದರೆ ಅವರನ್ನು ಇತ್ತ ಬಾ ಎಂದು ಕೂಗುವಂತಿಲ್ಲ. ಉಳಿದವರೆಲ್ಲ ಅವರಿದ್ದಲ್ಲಿಗೇ ಹೋಗಿ ಜೊತೆಗೆ ನಿಲ್ಲಬೇಕು. ಕರು ತಪ್ಪಿಸಿಕೊಂಡರೆ ನಾವು ತಾನೇ ಹುಡುಕಿಕೊಂಡು ಹೋಗುವುದು ಅನ್ನುತ್ತಿದ್ದರು. ಎಲ್ಲರೂ ಒಂದು ಕಡೆ ಸೇರಿದರೆ ಸರಿ. ಪೆಟ್ಟಿಗೆ ಅಲ್ಲಿಗೆ ಬಂದರೆ ಬಂತು, ಇಲ್ಲದಿದ್ದರೆ ಅದರ ಕರ್ಮ.

ಇನ್‌ಸ್ಪೆಕ್ಟರ ಸಾ ಒಂಟಿಯಾಗಿ ಅಂಗಳದಲ್ಲಿ ನಿಂತದ್ದನ್ನು ಕಂಡು ಮಕ್ಕಳು ಅಭ್ಯಾಸಬಲದಿಂದ ಹೊರಟರು. ಮೊದಲು ಹೊರಟದ್ದು ಆ ಐದನೇ ಕ್ಲಾಸಿನ ಹುಡುಗಿ. ಆಮೇಲೆ ಹಿಂದಿನ ಸಾಲು, ಆಮೇಲೆ ಎಣ್ಣೆ ತಲೆಯ ಎಂಟು ಜನ. ಜವಾನ, ಉಪ್ಪಿಟ್ಟಿನ ಅಮ್ಮ, ನಾನು, ಎಲ್ಲರೂ ಆ ಬೇವಾರಸಿ ಸ್ವರದ ಸುತ್ತ ಸೇರಿಕೊಂಡೆವು. ಇಡೀ ಶಾಲೆ ಒಂದೇ ಸ್ವರವಾಗಿ ಗುಂಯ್ ಎಂದಿತು. ಇನ್‌ಸ್ಪೆಕ್ಟರು ಉಸಿರು ಮುಗಿಯುವವರೆಗೂ ನಿಲ್ಲಿಸಲಿಲ್ಲ. ಮುಗಿದ ಮೇಲೆ ಸುತ್ತ ನೋಡಿ, ಹೆಡ್‌ಮೇಷ್ಟ್ರ ಕೈ ಹಿಡಿದು, ಇಷ್ಟು ಮಕ್ಕಳನ್ನು ಒಂದೇ ಶ್ರುತಿಗೆ ಹೇಗ್ರೀ ತಂದಿರಿ ಎಂದು ಕೇಳಿದರು. ಹೆಡ್‌ಮೇಷ್ಟ್ರು ಪಾಪ, ಎಲ್ಲ ತಮ್ಮ ಆಶೀರ್ವಾದ ಅಂದರು.

ಬರಬೇಡಿ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಆದರೆ ಹೆಡ್‌ಮೇಷ್ಟ್ರ ಕಷ್ಟ ಮುಗಿಯಲಿಲ್ಲ. ತಮಗೆ ಸ್ವರವಿದೆ ಎಂದು ನಡುವಯಸ್ಸಿನಲ್ಲಿ ಕಂಡುಕೊಂಡ ಇನ್‌ಸ್ಪೆಕ್ಟರು ಆ ಕಡೆ ಬಂದಾಗಲೆಲ್ಲ ನಮ್ಮಲ್ಲಿಗೆ ಬರತೊಡಗಿದರು. ಅದೇನೋ ಆ ಕಡೆಯ ಕೆಲಸ ಯಾವಾಗಲೂ ಶುಕ್ರವಾರವೇ ಬೀಳುತ್ತಿತ್ತು. ತಾಲ್ಲೂಕಿನಲ್ಲಿ ನಮ್ಮಷ್ಟು ಇನ್‌ಸ್ಪೆಕ್ಷನ್ ಆದ ಶಾಲೆ ಬಹುಶಃ ಇನ್ನೊಂದಿರಲಿಲ್ಲ. ಪ್ರತಿ ಸಲವೂ ಹೆಡ್‌ಮೇಷ್ಟ್ರು ರವೆ ಉಂಡೆ ತರಿಸಿ, ಒಂದು ಸಾ ಕೇಳಿಸಿಕೊಂಡು, ಜೀಪಿನವರೆಗೆ ಹೋಗಿ ಬಿಟ್ಟುಬರುತ್ತಿದ್ದರು.

ಎಂಬತ್ತರ ದಶಕದ ನಡುವಿನವರೆಗೂ ಪೆಟ್ಟಿಗೆ ಅಮ್ಮ ಬರುತ್ತಿದ್ದರು. ಆಮೇಲೆ ಮಂಡಿನೋವು ನಿಜವಾಗಿಯೇ ಬಂತು. ನನಗೂ ವರ್ಗವಾಯಿತು. ಹೋಗಿ ನೋಡಬೇಕು ಅಂದುಕೊಳ್ಳುವುದರಲ್ಲೇ ವರ್ಷಗಳು ಕಳೆದವು.

ಕಂಡಕ್ಟರು ಸುದ್ದಿ ಹೇಳಿದ ದಿನ ಬಸ್ಸು ಬಿಟ್ಟು ಅವರ ಮನೆ ಹುಡುಕಿಕೊಂಡು ಹೋದೆ. ಯಜಮಾನರು ಜಗುಲಿಯ ಮೇಲೆ ಕೂತಿದ್ದರು. ಸಣ್ಣ ಆಳು, ಮೆದು ಮಾತು. ಊರಿನ ಹೆಸರು ಹೇಳಿದ ಕೂಡಲೇ ಲೆಕ್ಕದ ಮೇಷ್ಟ್ರಾ ಎಂದು ಗುರುತು ಹಿಡಿದು ಒಳಗೆ ಕರೆದು ಕಾಫಿ ಕೊಡಿಸಿದರು. ನಾನು ಇನ್‌ಸ್ಪೆಕ್ಟರ ಕಥೆ ಹೇಳಿದೆ. ಅವರಿಗೆ ಗೊತ್ತಿತ್ತು, ಆದರೂ ಪೂರ್ತಿ ಕೇಳಿದರು. ಅಷ್ಟು ಮಕ್ಕಳ ಮುಂದೆ, ಇದ್ದೊಂದು ಶಾಲೆಯೂ ಹೋದರೆ ಹೋಗಲಿ ಅಂತ ಅವರು ಯಾಕೆ ಎದ್ದು ನಿಂತರೋ ನನಗೆ ಇವತ್ತಿಗೂ ಆಶ್ಚರ್ಯ ಎಂದೆ.

ಯಜಮಾನರು ತಾವು ಹೆಣ್ಣು ನೋಡಲು ಹೋದ ದಿನದ ಸಂಗತಿ ಹೇಳಿದರು. ಆಗೆಲ್ಲ ಹುಡುಗಿ ಒಂದು ಹಾಡು ಹೇಳಬೇಕಿತ್ತು. ಹುಡುಗಿಯಾಗಿದ್ದ ಪೆಟ್ಟಿಗೆ ಅಮ್ಮ ಚಾಪೆಯ ಮೇಲೆ ಕೂತು ಬಾಯಿ ತೆರೆದರು. ತುಟಿ ಆಡುತ್ತಿದೆ, ಕೈ ತಾಳ ಹಾಕುತ್ತಿದೆ, ಸದ್ದೇ ಇಲ್ಲ. ಆಕೆಗೆ ಮಾವನಾಗಬೇಕಿದ್ದವರು ತಮ್ಮ ಕಿವಿಯೇ ಹೋಯಿತೇನೋ ಅಂತ ಗಾಬರಿಯಾಗಿ ಬೆರಳು ಹಾಕಿ ತಿರುವಿಕೊಂಡರಂತೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಆಕೆಗೆ ಯಾರೋ, ನಿನಗೆ ಸ್ವರ ಇಲ್ಲ, ಹಿಂದೆ ನಿಂತು ತುಟಿ ಆಡಿಸುತ್ತಿರು ಅಂದಿದ್ದರಂತೆ. ಅಂದಿನಿಂದ ಹಾಡುವುದು ಅಂದರೆ ಹಾಗೇ ಅಂತ ಆಗಿಹೋಗಿತ್ತು.

"ಹಾಗಿದ್ದೂ ನೀವು ಒಪ್ಪಿದಿರಲ್ಲ," ಅಂದೆ.

"ಅಷ್ಟೊಂದು ಮನಸ್ಸಿಟ್ಟು ಏನು ಹಾಡ್ತಿದ್ಲೋ ಒಂದ್ಸಲ ಕೇಳ್ಬೇಕು ಅನ್ನಿಸ್ತು ಕಣ್ರೀ. ಮದುವೆ ಆದ್ಮೇಲೆ ಮೊದಲು ತಂದಿದ್ದೇ ಆ ಪೆಟ್ಟಿಗೆ."

"ಕೇಳಿದಿರಾ?"

"ನಲವತ್ತು ವರ್ಷ ಕೇಳಿದೆ." ನಗು ಬಂತು ಅವರಿಗೆ, ಕಣ್ಣೂ ತುಂಬಿತು. "ಒಂದು ದಿನಾನೂ ಪೆಟ್ಟಿಗೆಗೂ ಅವಳಿಗೂ ಹೊಂದಿಕೆ ಆಗ್ಲಿಲ್ಲ. ಪೆಟ್ಟಿಗೆ ಒಂದು ಕಡೆ, ಅವಳು ಒಂದು ಕಡೆ."

ನನಗೆ ಇದು ಗೊತ್ತೇ ಇರಲಿಲ್ಲ. ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀವು ಅವರಿಗೆ ಹೇಳಲಿಲ್ಲವೇ ಎಂದು ಕೇಳಿದೆ.

"ಯಾಕ್ರೀ ಹೇಳ್ಬೇಕು?" ಅಂದರು. "ಒಂದ್ಸಲ ಯಾರೋ ಹೇಳಿದ್ದೇ ಸಾಕಾಗಿತ್ತು."